ಒಂದು ಟೈರಿನ ಬೆಲೆಗೆ ಸರ್ವರ್

ಆ ಬಸ್ ಡಿಪೋದಲ್ಲಿ ಡ್ರೈವರುಗಳು ಇನ್ನೂರ ಹನ್ನೆರಡು, ಕಂಡಕ್ಟರುಗಳು ಇನ್ನೂರ ಐದು. ಇವರಲ್ಲಿ ಯಾರು ನಸುಕಿನ ನಾಲ್ಕೂವರೆಯ ಬಸ್ಸು ಹೊರಡಿಸಬೇಕು, ಯಾರು ಮಧ್ಯಾಹ್ನದ ಪಾಳಿಗೆ ಬಂದರೆ ಸಾಕು, ಯಾರಿಗೆ ಮಂಗಳವಾರ ರಜೆ, ಯಾರಿಗೆ ಭಾನುವಾರ ಎಂಬುದನ್ನೆಲ್ಲ ತೀರ್ಮಾನಿಸುತ್ತಿದ್ದವಳು ಒಬ್ಬಳೇ ಹೆಂಗಸು. ಅವಳ ಹೆಸರು ಹಾಜರಿ ಪುಸ್ತಕಕ್ಕೆ ಗೊತ್ತಿತ್ತೇ ಹೊರತು ಮನುಷ್ಯರಿಗೆ ಮರೆತುಹೋಗಿತ್ತು. ಎಲ್ಲರಿಗೂ ಅವಳು ಡ್ಯೂಟಿ ಅಕ್ಕ. ಅವಳಿಗಿಂತ ಆರು ವರ್ಷ ದೊಡ್ಡವರಾದ ಡಿಪೋ ಮೇನೇಜರ್ರೂ ಅಕ್ಕ ಎಂದೇ ಕರೆಯುತ್ತಿದ್ದರು.

ಇಪ್ಪತ್ತೊಂಬತ್ತನೇ ವಯಸ್ಸಿಗೆ ಟಿಕೆಟ್ ಕೌಂಟರಿನ ಗುಮಾಸ್ತೆಯಾಗಿ ಬಂದವಳು ಅವಳು. ಎರಡು ವರ್ಷಕ್ಕೆ ಡ್ಯೂಟಿ ಹಾಕುವ ಮೇಜು ಖಾಲಿಯಾಯಿತು. ಅಲ್ಲಿ ಕೂರಲು ಯಾರೂ ಒಪ್ಪಲಿಲ್ಲ. ಸಂಬಳ ಅದೇ, ಬೈಗುಳ ಮಾತ್ರ ದಿನಕ್ಕೆರಡು ಬುಟ್ಟಿ ಹೆಚ್ಚು. ಮೇಜಿನ ಪಕ್ಕ ಒಂದು ಕಿಟಕಿ ಇತ್ತಲ್ಲ, ಅದನ್ನು ನೋಡಿ ಅಕ್ಕ ಒಪ್ಪಿಕೊಂಡಳು. ಮೊದಲ ವಾರವೇ ಒಬ್ಬ ಡ್ರೈವರು ಮಹಡಿಯ ಕಬ್ಬಿಣದ ಮೆಟ್ಟಿಲನ್ನು ಧಡಧಡನೆ ಹತ್ತಿ ಬಂದು, ತನ್ನ ನಂಬರಿನ ತಗಡು ಬಿಲ್ಲೆಯನ್ನು ಮೇಜಿನ ಮೇಲೆ ಎಸೆದ. ಅಕ್ಕ ಬಿಲ್ಲೆ ಎತ್ತಿಕೊಂಡು, "ಯಾವ ದಿನ ರಜಾ ಬೇಕು ಹೇಳಪ್ಪಾ" ಎಂದಳು. ಹದಿನಾರು ವರ್ಷದ ನೌಕರಿಯಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. "ಯೋಚನೆ ಮಾಡಿ ಹೇಳ್ತೀನಿ" ಎಂದು ಇಳಿದುಹೋದ.

ಅವಳ ಕೋಣೆಯ ಒಂದು ಗೋಡೆ ತುಂಬ ಮರದ ಹಲಗೆ. ಹಲಗೆಯ ತುಂಬ ಮೊಳೆ. ಮೊಳೆಗೊಂದು ಪಾಳಿ, ಪಾಳಿಗೊಂದು ಬಿಲ್ಲೆ. ರಾತ್ರಿ ಹತ್ತಕ್ಕೆ ಬಸ್ಸಿನಿಂದ ಇಳಿದವನನ್ನು ಬೆಳಗ್ಗೆ ಐದಕ್ಕೆ ಹತ್ತಿಸುವಂತಿಲ್ಲ, ನಡುವೆ ಒಂಬತ್ತು ಗಂಟೆ ಬಿಡುವಿರಬೇಕು. ಗುಡ್ಡದ ದಾರಿಗೆ ಐದು ವರ್ಷ ಪಳಗಿದವರೇ ಆಗಬೇಕು. ಒಬ್ಬರಿಗೇ ಸತತ ಎರಡು ವಾರ ನಸುಕಿನ ಪಾಳಿ ಬೀಳಬಾರದು. ಒಂದು ಬಿಲ್ಲೆ ಎತ್ತಿ ಬೇರೆ ಮೊಳೆಗೆ ಹಾಕಿದರೆ ಏಳು ಬಿಲ್ಲೆ ಜಾಗ ತಪ್ಪುತ್ತಿದ್ದವು; ಆ ಏಳನ್ನು ಸರಿಮಾಡಿದರೆ ಮೊದಲಿನದೇ ಕೆಟ್ಟಿರುತ್ತಿತ್ತು. ಮೂರು ತಿಂಗಳಿಗೊಮ್ಮೆ ಹೊಸ ಪಟ್ಟಿ. ಪ್ರತಿ ಪಟ್ಟಿಗೂ ಹನ್ನೊಂದು ದಿನ. ಆ ಹನ್ನೊಂದು ದಿನ ಮನೆಯಲ್ಲಿ ಸಾರಿಗೆ ಉಪ್ಪು ಬಿತ್ತೋ ಇಲ್ಲವೋ ಎಂದು ಗಂಡನೇ ನೋಡಿಕೊಳ್ಳಬೇಕು.

ಗಂಡನಿಗೆ ಕನ್ನಡಕದ ಅಂಗಡಿ. ಗಾಜು ಉಜ್ಜಿ, ಅಂಚು ಕೊರೆದು, ಫ್ರೇಮಿಗೆ ಕೂರಿಸುವ ಕೆಲಸ. ಎಳ್ಳಿಗಿಂತ ಸಣ್ಣ ಸ್ಕ್ರೂಗಳ ಜೊತೆ ದಿನವೆಲ್ಲ ಕಳೆಯುವುದರಿಂದಲೋ ಏನೋ, ಮಾತೂ ಅಷ್ಟೇ ಸಣ್ಣದು.

ಡಿಪೋದಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕಿದ್ದ ಜೋಡಿಗಳು ಹತ್ತೊಂಬತ್ತು. ಅದರಲ್ಲೊಂದು ಜೋಡಿಯಲ್ಲಿ ಹೆಂಡತಿ ಡ್ರೈವರು, ಗಂಡ ಕಂಡಕ್ಟರು. ಅವಳ ಮಾವ ಇದೇ ಡಿಪೋದಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು, ಹಾಗಾಗಿ ಅವಳನ್ನು ಎಲ್ಲರೂ ಸೊಸೆ ಡ್ರೈವರ್ ಎನ್ನುತ್ತಿದ್ದರು. ಒಂದು ದಿನ ಅವಳು ಅಕ್ಕನ ಮೇಜಿಗೆ ಮೊಣಕೈ ಊರಿ ನಿಂತಳು.

"ಅಕ್ಕಾ, ಒಂದು ಸಹಾಯ ಮಾಡಿ. ನನಗೂ ಅವರಿಗೂ ಮದುವೆ ಆಗಿದೆ ಅಂತ ನಿಮ್ಮ ಹಲಗೆಗೆ ಸ್ವಲ್ಪ ಹೇಳಿ."

"ಯಾಕೇ, ಏನಾಯ್ತು?"

"ನಾಲ್ಕು ವರ್ಷ ಆಯ್ತು, ಇಬ್ಬರಿಗೂ ಒಂದೇ ದಿನ ರಜಾ ಬಂದಿಲ್ಲ. ಅವರು ಗುರುವಾರ, ನಾನು ಶನಿವಾರ. ಮಗಳ ಹತ್ರ ಟೀಚರ್ರು ಮನೆ ಚಿತ್ರ ಬರಿ ಅಂದ್ರಂತೆ. ಅವಳು ಎರಡು ಮನೆ ಬರೆದಿದ್ದಾಳೆ. ಒಂದರಲ್ಲಿ ಅಪ್ಪ, ಒಂದರಲ್ಲಿ ಅಮ್ಮ."

ಹೇಳಿ ಅವಳು ನಕ್ಕಳು. ಅಕ್ಕನೂ ನಕ್ಕಳು. ಆದರೆ ಅವಳು ಇಳಿದುಹೋದ ಮೇಲೆ ಹಲಗೆಯ ಮುಂದೆ ನಿಂತು ಆ ಎರಡು ಬಿಲ್ಲೆಗಳನ್ನು ಒಂದೇ ದಿನಕ್ಕೆ ತರಲು ಸಂಜೆಯವರೆಗೂ ಹೆಣಗಿದಳು. ಇಪ್ಪತ್ತಾರು ಬಿಲ್ಲೆ ಕದಲಿದವು, ಗುಡ್ಡದ ದಾರಿಗೆ ಡ್ರೈವರೇ ಇಲ್ಲವಾದರು. ಎಲ್ಲವನ್ನೂ ಮೊದಲಿದ್ದ ಹಾಗೇ ಹಾಕಿ ಮನೆಗೆ ಹೋದಳು.

ಇಂಥ ಲೆಕ್ಕಾಚಾರಕ್ಕೆಂದೇ ಯಾವುದೋ ವಿಶ್ವವಿದ್ಯಾಲಯದವರು ಬರೆದು ಬಿಟ್ಟಿಯಾಗಿ ಹಂಚಿದ್ದ ಒಂದು ಪ್ರೋಗ್ರಾಮು ಅವಳ ಕಣ್ಣಿಗೆ ಬಿದ್ದದ್ದು ಅದಾಗಿ ಸ್ವಲ್ಪ ದಿನಕ್ಕೆ. ನಿಯಮಗಳನ್ನು ಒಂದೊಂದಾಗಿ ಬರೆದುಕೊಟ್ಟರೆ, ಲಕ್ಷಾಂತರ ಪಟ್ಟಿಗಳನ್ನು ತಾನೇ ಜೋಡಿಸಿ, ಕೆಡವಿ, ಅದರಲ್ಲಿ ಒಳ್ಳೆಯದನ್ನು ಅದು ಆರಿಸುತ್ತಿತ್ತು. ಅಕ್ಕ ಕೈಪಿಡಿಯನ್ನು ಅಚ್ಚು ಹಾಕಿಸಿಕೊಂಡು ಏಳು ತಿಂಗಳು ಓದಿದಳು. ಅರ್ಥವಾಗದ ಪುಟಕ್ಕೆ ಮೂಲೆ ಮಡಚುತ್ತಿದ್ದಳು. ಮೊದಲು ಪುಸ್ತಕ ಪೂರ ಕಿವಿ ಮಡಚಿಕೊಂಡಿತ್ತು, ಆಮೇಲೆ ಒಂದೊಂದೇ ಕಿವಿ ನೆಟ್ಟಗಾಯಿತು. ಇಪ್ಪತ್ತು ಡ್ರೈವರುಗಳ ಪಟ್ಟಿಯನ್ನು ಆಫೀಸಿನ ಕಂಪ್ಯೂಟರ್ ಎರಡು ನಿಮಿಷದಲ್ಲಿ ಹಾಕಿಕೊಟ್ಟಿತು. ಇನ್ನೂರ ಹನ್ನೆರಡು ಕೊಟ್ಟಾಗ ಒಂದೂವರೆ ದಿನ ಏದುಸಿರು ಬಿಟ್ಟು, ಮೆಮೊರಿ ಸಾಲದು ಎಂದು ಹೇಳಿ ಕಣ್ಣು ಮುಚ್ಚಿತು.

ಮೇನೇಜರ್ರು ಅವಳ ಅರ್ಜಿಯನ್ನು ಓದಿದರು. ಹೊಸ ಸರ್ವರಿಗೆ, ಅಂದರೆ ಇಂಥ ಭಾರದ ಲೆಕ್ಕ ಹೊರುವ ದೊಡ್ಡ ಕಂಪ್ಯೂಟರಿಗೆ, ಒಂದು ಕಂಪನಿ ಕೊಟ್ಟ ದರಪಟ್ಟಿಯನ್ನೂ ಓದಿದರು.

"ಅಕ್ಕಾ, ಈ ದುಡ್ಡಿಗೆ ಅರ್ಧ ಬಸ್ಸು ಬರುತ್ತೆ."

"ಹಳೇದು ತಗೊಂಡ್ರೆ ಸರ್? ದೊಡ್ಡ ಕಂಪನಿಗಳು ಐದಾರು ವರ್ಷಕ್ಕೆ ಎಲ್ಲಾ ಎಸೆದುಬಿಡ್ತಾರೆ. ಬಿಡಿಭಾಗ ತಂದು ನಾನೇ ಜೋಡಿಸ್ತೀನಿ."

ಮೇನೇಜರ್ರು ಪೆನ್ನಿನ ಹಿಂಬದಿಯಿಂದ ಕಿವಿ ತುರಿಸಿಕೊಂಡರು. "ಈ ತಿಂಗಳು ಒಂದು ಟೈರು ಉಳಿದಿದೆ. ಒಂದು ಟೈರಿನ ದುಡ್ಡು ಕೊಡ್ತೀನಿ. ಅದರ ಮೇಲೆ ಒಂದು ನಟ್ಟು ಕೇಳಿದ್ರೂ ನನ್ನ ಹತ್ರ ಇಲ್ಲ."

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಅಕ್ಕನಿಗೆ ಸಿಕ್ಕಿದ್ದು ಕರವಸ್ತ್ರ. ಆದರೂ ಖುಷಿಯಿಂದಲೇ ಮೆಟ್ಟಿಲಿಳಿದಳು.

ಹಳೆ ಯಂತ್ರಗಳನ್ನು ಬಿಚ್ಚಿ ಮಾರುವ ಬೀದಿ ರೈಲ್ವೆ ಗೋದಾಮಿನ ಹಿಂದಿತ್ತು. ಅಲ್ಲಿ ಒಂದು ಉದ್ದನೆಯ, ತಗಡು ಚಾವಣಿಯ ಅಂಗಡಿ. ಬಾಗಿಲಲ್ಲೇ ದೊಡ್ಡ ತಕ್ಕಡಿ. ಕೆಟ್ಟದ್ದನ್ನು ತೂಕಕ್ಕೂ, ಕೆಲಸ ಮಾಡುವುದನ್ನು ಬಿಡಿಯಾಗಿಯೂ ಮಾರುತ್ತಿದ್ದ ಮುದುಕನನ್ನು ಬೀದಿಯವರೆಲ್ಲ ತಕ್ಕಡಿ ತಾತ ಎನ್ನುತ್ತಿದ್ದರು. ಅವನಿಗೆ ಕಂಪ್ಯೂಟರಿನ ಒಳಗುಟ್ಟು ಅಷ್ಟಾಗಿ ತಿಳಿಯದು, ಆದರೆ ಯಾವ ವಸ್ತುವಿಗೆ ಎಷ್ಟು ಜನ ಬಂದು ಕೈಯಾಡಿಸಿ ಹೋದರು ಎಂಬುದು ಚೆನ್ನಾಗಿ ನೆನಪಿರುತ್ತಿತ್ತು.

ಮೊದಲ ದಿನವೇ ಅಕ್ಕ ಎಡವಿದಳು. ಗಾಜಿನ ಪೆಟ್ಟಿಗೆಯಲ್ಲಿ ಪ್ರೊಸೆಸರುಗಳು ಬಿಸ್ಕತ್ತಿನ ಹಾಗೆ ಜೋಡಿಸಿದ್ದವು. ಒಂದೊಂದರ ಒಳಗೂ ಹದಿನಾಲ್ಕು ಮಿದುಳು. ಒಂದೇ ನಂಬರಿನ ಎರಡಕ್ಕೆ ತಾತ ಹೇಳಿದ ಬೆಲೆ ಕೇಳಿ ಅವಳು ಇನ್ನೊಮ್ಮೆ ಕೇಳಿಸಿಕೊಂಡಳು. ಟೈರಿನ ಹತ್ತನೇ ಒಂದು ಪಾಲೂ ಅಲ್ಲ.

"ಯಾಕೆ ತಾತ ಇಷ್ಟು ಅಗ್ಗ?"

"ಮೂಟೆ ಮೂಟೆ ಬರುತ್ತೆ ತಾಯಿ. ಇವು ಸಾಯೋದೇ ಇಲ್ಲ. ಕೊಳ್ಳೋರೇ ಕಮ್ಮಿ."

ಆಗಿಂದಾಗಲೇ ಎರಡನ್ನು ಕಾಗದದಲ್ಲಿ ಸುತ್ತಿಸಿಕೊಂಡು ಮನೆಗೆ ತಂದಳು. ಗಂಡ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಕೂರಿಸೋ ಬೋರ್ಡು?" ಎಂದ.

"ಅದನ್ನ ಇನ್ನು ಹುಡುಕಬೇಕು ರೀ."

"ದಾರೀಲಿ ಒಂದು ಲಾಳ ಸಿಕ್ತು, ಇನ್ನು ಮೂರು ಲಾಳ, ಒಂದು ಕುದುರೆ ಅಷ್ಟೇ ಬಾಕಿ ಅಂದನಂತೆ ಒಬ್ಬ" ಎಂದು ಅವನು ಊಟಕ್ಕೆ ಕುಳಿತ.

ಅಕ್ಕನಿಗೆ ರೇಗಿತು. ಆದರೆ ಅವನ ಮಾತು ಸುಳ್ಳಾಗಿರಲಿಲ್ಲ. ಆಮೇಲೆ ಕೂತು ಓದಿದಂತೆಲ್ಲ ಗೊತ್ತಾಯಿತು: ಈ ವ್ಯಾಪಾರದಲ್ಲಿ ಪ್ರೊಸೆಸರು ಅಗ್ಗ, ಬೋರ್ಡು ತುಟ್ಟಿ. ಪ್ರೊಸೆಸರು ಸಾಯುವುದಿಲ್ಲ, ಬೋರ್ಡು ಸಾಯುತ್ತದೆ. ಹಾಗಾಗಿ ಬಲ್ಲವರು ಮೊದಲು ಬೋರ್ಡು ಹಿಡಿಯುತ್ತಾರೆ, ಆಮೇಲೆ ಅದಕ್ಕೊಪ್ಪುವ ಉಳಿದದ್ದು. ಡಿಪೋದಲ್ಲೂ ಹಾಗೇ ಅಲ್ಲವೇ, ಗಾಲಿ ನೋಡಿ ಯಾರಾದರೂ ಬಸ್ಸು ಕೊಳ್ಳುತ್ತಾರೆಯೇ?

ಮುಂದಿನ ವಾರ ಅವಳು ಎರಡು ಹಾಳೆ ಟಿಪ್ಪಣಿ, ಗಂಡನ ಅಂಗಡಿಯ ಭೂತಗನ್ನಡಿ, ಒಂದು ಬಾಟಲಿ ನೀರು ಹಿಡಿದು ಹೋದಳು. ತಾತ ಮೊದಲನೇ ಬೋರ್ಡು ತೆಗೆದ. ಎರಡು ಪ್ರೊಸೆಸರಿಗೆ ಎರಡು ಚೌಕ ಮನೆ, ಅಂದರೆ ಎರಡು ಸಾಕೆಟ್ಟು. ಪ್ರತಿ ಸಾಕೆಟ್ಟಿನಲ್ಲೂ ಕೂದಲಿನಷ್ಟು ಸಣ್ಣ ಪಿನ್ನುಗಳ ಗದ್ದೆ.

"ನಿಮ್ಮ ಪ್ರೊಸೆಸರ್ರು ಎರಡು ಸಾವಿರದ ಹನ್ನೊಂದು ಪಿನ್ನಿಂದು ಅಂದ್ರಲ್ಲ? ಇದೂ ಎರಡು ಸಾವಿರದ ಹನ್ನೊಂದೇ. ನೋಡಿ, ಇಲ್ಲಿ ಚೀಟಿ ಇದೆ."

ಅಕ್ಕ ಪ್ರೊಸೆಸರನ್ನು ಮೆಲ್ಲಗೆ ಸಾಕೆಟ್ಟಿನ ಮೇಲೆ ಹಿಡಿದಳು, ಒತ್ತಲಿಲ್ಲ. ಪ್ರೊಸೆಸರಿನ ಪಕ್ಕದ ಕಚ್ಚು ಒಂದು ಕಡೆ, ಸಾಕೆಟ್ಟಿನ ಉಬ್ಬು ಇನ್ನೊಂದು ಕಡೆ. ಎರಡರ ನಡುವೆ ಒಂದು ಗೋಧಿಕಾಳಿನ ಅಂತರ.

"ಸ್ವಲ್ಪ ಒತ್ತಿ ತಾಯಿ, ಕೂತ್ಕೊಳ್ಳುತ್ತೆ."

"ಒತ್ತಿದ್ರೆ ಎರಡೂ ಹೋಗುತ್ತೆ ತಾತ. ಪಿನ್ನು ಅಷ್ಟೇ ಇದೆ, ಆದರೆ ಇದು ಹಿಂದಿನ ತಲೆಮಾರಿನ ಬೋರ್ಡು. ಒಂದೇ ಸೈಜಿನ ಚಪ್ಪಲಿ ಸರಿ, ಎರಡೂ ಎಡಗಾಲಿಂದು."

ತಾತ ಭೂತಗನ್ನಡಿ ಇಸಿದುಕೊಂಡು ತಾನೂ ನೋಡಿದ. "ಅದಕ್ಕೇನಾ ಹೋದ ತಿಂಗಳು ಒಬ್ಬ ವಾಪಸ್ ತಂದು ಗಲಾಟೆ ಮಾಡಿದ್ದು!" ಎಂದು ತನಗೇ ಹೇಳಿಕೊಂಡ.

ಎರಡನೇ ಬೋರ್ಡು ಸರಿಯಾದ ತಲೆಮಾರಿನದು. ಆದರೆ ಅದನ್ನು ಮಾಡಿದ ಕಂಪನಿ ಕರೆಂಟಿನ ಕನೆಕ್ಟರನ್ನು ತನಗೆ ಬೇಕಾದ ಹಾಗೆ ಮಾಡಿಕೊಂಡಿತ್ತು. ಪೇಟೆಯಲ್ಲಿ ಸಿಗುವ ಪವರ್ ಸಪ್ಲೈ ಅದಕ್ಕೆ ಸೇರುವುದಿಲ್ಲ. ಅಕ್ಕ ಅದನ್ನೂ ಪಕ್ಕಕ್ಕಿಟ್ಟಳು. ಮೂರನೆಯದು ಎಲ್ಲ ವಿಧದಲ್ಲೂ ಹೇಳಿ ಮಾಡಿಸಿದಂತಿತ್ತು. ಸಾಕೆಟ್ಟು ಸರಿ, ಕನೆಕ್ಟರು ಸಾಮಾನ್ಯದ್ದು, ಮೆಮೊರಿಗೆ ಎಂಟು ಜಾಗ. ಬೆಲೆ ಕೇಳಿದರೆ ಅರ್ಧ ಟೈರಿಗೂ ಕಡಿಮೆ. ಅಕ್ಕನಿಗೆ ಈ ಸಲ ಬುದ್ಧಿ ಬಂದಿತ್ತು. ಅಗ್ಗದ ಆಸೆಗೆ ಮುಗ್ಗಿದ ಜೋಳ ತರಬಾರದೆಂದು ಭೂತಗನ್ನಡಿ ಹಿಡಿದು ಕೂತಳು. ಎರಡನೇ ಸಾಕೆಟ್ಟಿನ ಮೂಲೆಯಲ್ಲಿ ಮೂರು ಪಿನ್ನು ಗಾಳಿಗೆ ಬಿದ್ದ ಪೈರಿನ ಹಾಗೆ ಒಂದೇ ಕಡೆಗೆ ವಾಲಿದ್ದವು.

"ತಾತ, ಮೂರು ಪಿನ್ನು ಬಗ್ಗಿದೆ."

"ಅದು ಗೊತ್ತಿದ್ದೇ ಆ ಬೆಲೆ ಹೇಳಿದ್ದು" ಎಂದ ತಾತ, ಮುಚ್ಚುಮರೆಯಿಲ್ಲದೆ. "ರಿಪೇರಿ ಮಾಡೋರು ಯಾರೂ ಇಲ್ಲ. ಮುಟ್ಟಿದೋರೆಲ್ಲ ಇನ್ನೊಂದು ಪಿನ್ನು ಮುರಿದಿಟ್ಟು ಹೋಗ್ತಾರೆ."

ಅಕ್ಕ ಗಂಡನ ಚಿಮುಟವನ್ನು ನೆನೆದಳು. ಗಾಳಿಗೆ ಹಾರಿಹೋಗುವ ಸ್ಕ್ರೂವನ್ನು ಎತ್ತಿ ಕನ್ನಡಕದ ಕೀಲಿಗೆ ಬಿಡುವ ಆ ಕೈಯನ್ನೂ ನೆನೆದಳು. "ಹತ್ತು ದಿನದೊಳಗೆ ವಾಪಸ್ ತಂದ್ರೆ ತಗೋಬೇಕು" ಎಂದಳು. "ನಾಲ್ಕನೇ ಪಿನ್ನು ಬಗ್ಗದಿದ್ರೆ ತಗೋತೀನಿ" ಎಂದ ತಾತ.

ಉಳಿದದ್ದು ಮೆಮೊರಿ. ಅದನ್ನು ತಾತ ಬುಟ್ಟಿಯಲ್ಲಿಟ್ಟಿದ್ದ, ಬುಟ್ಟಿ ಎಂದರೆ ತರಕಾರಿ ಬುಟ್ಟಿಯೇ. ಹಸಿರು ಪಟ್ಟಿಗಳು ನೂರಾರು, ಹೊರಗಿನಿಂದ ನೋಡಿದರೆ ಎಲ್ಲ ಅಣ್ಣತಮ್ಮಂದಿರು. ಆದರೆ ಒಂದು ಜಾತಿಯದು ಮನೆಯ ಕಂಪ್ಯೂಟರಿಗೆ ಮಾಡಿದ್ದು, ಇನ್ನೊಂದು ಸರ್ವರಿಗೆಂದೇ ಮಾಡಿದ್ದು. ಸರ್ವರಿನದರಲ್ಲೂ ಎರಡು ಬಗೆ. ಒಂದರ ಜೊತೆ ಇನ್ನೊಂದನ್ನು ಹಾಕಿದರೆ ಎತ್ತು ಏರಿಗೆ, ಕೋಣ ನೀರಿಗೆ. ಯಂತ್ರ ಏಳುವುದೇ ಇಲ್ಲ. ಗುರುತು ಇರುವುದು ಚೀಟಿಯ ಮೇಲೆ, ಇರುವೆ ಗಾತ್ರದ ಅಕ್ಷರದಲ್ಲಿ, ಸಾಲಿನ ಕೊನೆಗೆ ಒಂದೇ ಒಂದು ಅಕ್ಷರ. ಅವಳಿಗೆ ಬೇಕಾದದ್ದು ಒಂದೇ ಬಗೆಯ, ಒಂದೇ ವೇಗದ, ಒಂದೇ ಅಳತೆಯ ಎಂಟು ಪಟ್ಟಿ. ತಾತ ಹೇಳಿದ ಬೆಲೆಗೆ ಎಂಟು ಕೊಂಡರೆ ಪವರ್ ಸಪ್ಲೈಗೆ ದುಡ್ಡು ಉಳಿಯುತ್ತಿರಲಿಲ್ಲ. ಅದೊಂದನ್ನು ಮಾತ್ರ ಹೊಸದನ್ನೇ ಕೊಳ್ಳಬೇಕೆಂದು ಅವಳು ಹಟ ಹಿಡಿದಿದ್ದಳು. ಹಳೆ ಪವರ್ ಸಪ್ಲೈ ಸಾಯುವಾಗ ಒಂಟಿಯಾಗಿ ಸಾಯದೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುತ್ತದೆ ಎಂದು ಓದಿದ್ದಳು.

ಅಕ್ಕ ಒಂದು ಸ್ಟೂಲು ಎಳೆದುಕೊಂಡಳು. ಎಂಟು ಪಟ್ಟಿ ಹುಡುಕಬೇಕಾದರೆ ಬುಟ್ಟಿ ಪೂರ ಹುಡುಕಲೇಬೇಕು. ಹುಡುಕುವುದೇ ಆದರೆ ವಿಂಗಡಿಸಿಯೇ ಬಿಡೋಣ ಎನಿಸಿತು. ಇಪ್ಪತ್ತೊಂದು ವರ್ಷ ಬಿಲ್ಲೆ ಜೋಡಿಸಿದ ಕೈ, ಸುಮ್ಮನಿರುತ್ತದೆಯೇ? ಸರ್ವರಿನದು ಇಲ್ಲಿ, ಮನೆಯದು ಅಲ್ಲಿ, ದೊಡ್ಡದು ಹಿಂದೆ, ಚಿಕ್ಕದು ಮುಂದೆ, ಕಾಲು ಮುರಿದದ್ದು ತಕ್ಕಡಿಗೆ. ತಾತ ಎರಡು ಸಲ ಚಹಾ ತರಿಸಿದ. ಮೂರು ಗಂಟೆಯ ಹೊತ್ತಿಗೆ ನೆಲದ ಮೇಲೆ ಒಂಬತ್ತು ಗುಡ್ಡೆ, ಪ್ರತಿಯೊಂದಕ್ಕೂ ರಟ್ಟಿನ ಮೇಲೆ ಬರೆದ ಚೀಟಿ. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು, ತನಗೆ ಬೇಕಾದ ನಾಲ್ಕು ಪಟ್ಟಿಯನ್ನು ಚೀಟಿ ಓದಿ ತಾನೇ ಆರಿಸಿಕೊಂಡು, ಚೌಕಾಸಿ ಮಾಡದೆ ದುಡ್ಡು ಕೊಟ್ಟು ಹೋದ.

ತಾತ ಅವನ ಬೆನ್ನನ್ನೇ ನೋಡುತ್ತಾ, "ಹದಿನೈದು ವರ್ಷದಲ್ಲಿ ಈ ಬುಟ್ಟಿಯಿಂದ ಬೈಯದೇ ಹೋದ ಗಿರಾಕಿ ಇವನೇ ಮೊದಲು" ಎಂದ. ಆಮೇಲೆ ಅಕ್ಕನ ಕಡೆ ತಿರುಗಿ, "ನಿಮ್ಮ ಎಂಟು ಪಟ್ಟಿ ಅರ್ಧ ಬೆಲೆಗೆ ತಗೊಂಡು ಹೋಗಿ ತಾಯಿ. ಬೇಡ ಅನ್ಬೇಡಿ."

ಬೇಡ ಎನ್ನುವ ಯೋಚನೆ ಅಕ್ಕನಿಗೂ ಇರಲಿಲ್ಲ.

ಜೋಡಣೆ ನಡೆದದ್ದು ಕನ್ನಡಕದ ಅಂಗಡಿಯಲ್ಲಿ, ಅಂಗಡಿಯ ವಾರದ ರಜೆಯಂದು. ಬೆಳಗಿನ ಬಿಸಿಲು ಮೇಜಿನ ಮೇಲೆ ಬೀಳುವ ಹೊತ್ತಿಗೆ ಗಂಡ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬೋರ್ಡಿನ ಮೇಲೆ ಬಗ್ಗಿದ. ಉಸಿರು ತಾಗಬಾರದೆಂದು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದ. ಚಿಮುಟದ ತುದಿ ಒಂದು ಪಿನ್ನಿನ ಕೆಳಗೆ ಹೋಯಿತು, ಕಂಡೂ ಕಾಣದಷ್ಟು ಎದ್ದಿತು, ಹೊರಬಂತು. ಮತ್ತೆ ಹೋಯಿತು. ಅಕ್ಕ ಪಕ್ಕದಲ್ಲಿ ನಿಂತು ಅವನ ಕಿವಿಯ ಹಿಂದಿನ ಬಿಳಿಕೂದಲನ್ನು ನೋಡುತ್ತಿದ್ದಳು. ಇಷ್ಟು ಹತ್ತಿರ ನಿಂತು ಅವನು ಕೆಲಸ ಮಾಡುವುದನ್ನು ನೋಡಿ ಎಷ್ಟು ವರ್ಷವಾಗಿತ್ತೋ.

"ಏನೇ, ಬೆಳಕಿಗೆ ಅಡ್ಡ ನಿಂತಿದ್ದೀಯ."

"ನಿಮ್ಮನ್ನೇ ನೋಡ್ತಿದ್ದೆ ರೀ."

"ಪಿನ್ನು ನೋಡು. ನನ್ನ ಮುಖದಲ್ಲಿ ನೆಟ್ಟಗೆ ಮಾಡೋಕೆ ಏನೂ ಉಳಿದಿಲ್ಲ."

ನಲವತ್ತು ನಿಮಿಷಕ್ಕೆ ಮೂರು ಪಿನ್ನೂ ಎದ್ದು ನಿಂತವು. ಪ್ರೊಸೆಸರು ಕೂತವು, ಮೇಲೆ ಫ್ಯಾನು ಕೂತವು, ಎಂಟು ಪಟ್ಟಿ ಟಕ್ ಟಕ್ಕೆಂದು ಕೂತವು. ಸ್ವಿಚ್ಚು ಒತ್ತಿದರು. ಫ್ಯಾನು ತಿರುಗಿತು, ನಿಂತಿತು. ತಿರುಗಿತು, ನಿಂತಿತು. ಪರದೆ ಕಪ್ಪಗೇ ಇತ್ತು.

ಅಕ್ಕನ ಮುಖ ಸಪ್ಪಗಾಯಿತು. ಗಂಡ ಹೋಗಿ ಎರಡು ಲೋಟ ನೀರು ತಂದಿಟ್ಟ. ನೀರು ಕುಡಿಯುತ್ತಾ ಅವಳು ಟಿಪ್ಪಣಿಯ ಹಾಳೆಗಳನ್ನು ಮತ್ತೆ ಮೊದಲಿನಿಂದ ಓದಿದಳು. ಎರಡನೇ ಹಾಳೆಯ ಕೆಳಗೆ ತಾನೇ ಬರೆದು ಮರೆತಿದ್ದ ಒಂದು ಸಾಲು ಸಿಕ್ಕಿತು. ಬೋರ್ಡು ಹುಟ್ಟಿದ್ದು ಮೊದಲು, ಈ ಪ್ರೊಸೆಸರು ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ. ಸಾಕೆಟ್ಟೇನೋ ಒಪ್ಪುತ್ತದೆ, ಆದರೆ ಬೋರ್ಡಿನ ಒಳಗಿರುವ, ಯಂತ್ರವನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಮಿಗೆ ಈ ಪ್ರೊಸೆಸರಿನ ಗುರುತೇ ಇಲ್ಲ. ಅಣ್ಣನ ನಾಮಕರಣದ ಫೋಟೋದಲ್ಲಿ ತಮ್ಮನನ್ನು ಹುಡುಕಿದರೆ ಎಲ್ಲಿ ಸಿಗುತ್ತಾನೆ? ಆ ಪ್ರೋಗ್ರಾಮನ್ನು ಹೊಸದು ಮಾಡಬೇಕು. ಮಾಡಬೇಕಾದರೆ ಯಂತ್ರ ಏಳಬೇಕು. ಏಳಬೇಕಾದರೆ ಬೋರ್ಡಿಗೆ ಗುರುತಿರುವ, ಒಂದು ತಲೆಮಾರು ಹಿಂದಿನ ಪ್ರೊಸೆಸರು ಬೇಕು.

ಅಕ್ಕ ಅಂದೇ ಮಧ್ಯಾಹ್ನ ತಾತನ ಅಂಗಡಿಗೆ ಹೋದಳು. "ತಾತ, ಒಂದು ಹಳೇ ಪ್ರೊಸೆಸರ್ರು ಎರಡು ಗಂಟೆ ಮಟ್ಟಿಗೆ ಬೇಕಿತ್ತು. ಕೊಳ್ಳೋಕಲ್ಲ."

"ಸಕ್ಕರೆ ಸಾಲ ಕೇಳೋ ಹಾಗೆ ಕೇಳ್ತೀರಲ್ಲ!" ಎಂದು ತಾತ ನಕ್ಕ. ನಗುತ್ತಲೇ ಗಾಜಿನ ಪೆಟ್ಟಿಗೆಗೆ ಕೈ ಹಾಕಿದ. "ಯಾವುದು ಅಂತ ನೀವೇ ಆರಿಸ್ಕೊಳ್ಳಿ. ಆದರೆ ಇದು ಯಾಕೆ ಬೇಕು ಅಂತ ನನಗೆ ಬಿಡಿಸಿ ಹೇಳಬೇಕು."

ಅಕ್ಕ ಬಿಡಿಸಿ ಹೇಳಿದಳು. ತಾತ ಎರಡು ಸಲ ಹೇಳಿಸಿಕೊಂಡು, "ಹಾಗಾದ್ರೆ ಕೆಟ್ಟಿದೆ ಅಂತ ತೂಕಕ್ಕೆ ಹಾಕಿದ ಬೋರ್ಡೆಲ್ಲಾ..." ಎಂದು ತಕ್ಕಡಿಯ ಪಕ್ಕದ ರಾಶಿಯ ಕಡೆ ತಿರುಗಿದ.

ಎರವಲು ಪ್ರೊಸೆಸರಿನಿಂದ ಬೋರ್ಡು ಎದ್ದಿತು. ಒಳಗಿನ ಪ್ರೋಗ್ರಾಮು ಹೊಸದಾಯಿತು. ತನ್ನ ಎರಡನ್ನೂ ಮತ್ತೆ ಕೂರಿಸಿ ಸ್ವಿಚ್ಚು ಒತ್ತಿದಾಗ ಪರದೆಯಲ್ಲಿ ಬಿಳಿ ಅಕ್ಷರ ಸರಸರನೆ ಇಳಿದವು. ಪ್ರೊಸೆಸರು ಎರಡು, ಮಿದುಳು ಇಪ್ಪತ್ತೆಂಟು, ಮೆಮೊರಿ ಪಟ್ಟಿ ಏಳು.

"ಎಂಟು ಹಾಕಿದ್ವಲ್ಲ ರೀ?"

ತಾತ ಕೊಟ್ಟಿದ್ದರಲ್ಲಿ ಒಂದು ಕೆಟ್ಟಿರಬೇಕು ಎಂದು ಮೊದಲು ಅನಿಸಿತು. ಆದರೆ ಅವಳು ಹಾಗೆಲ್ಲ ಒಬ್ಬರ ಮೇಲೆ ತಪ್ಪು ಹೊರಿಸುವವಳಲ್ಲ. ಬಸ್ಸು ತಡವಾದರೆ ಮೊದಲು ಡ್ರೈವರನ್ನು ಬದಲಿಸಿ ನೋಡಬೇಕು. ಆಗಲೂ ತಡವಾದರೆ ತಪ್ಪು ದಾರಿಯದು. ಕಾಣದ ಪಟ್ಟಿಯನ್ನು ತೆಗೆದು ಬೇರೆ ಜಾಗಕ್ಕೆ ಹಾಕಿದಳು, ಕಂಡಿತು. ಅದರ ಜಾಗಕ್ಕೆ ಬೇರೆ ಪಟ್ಟಿ ಹಾಕಿದಳು, ಕಾಣಲಿಲ್ಲ. ಅಂದರೆ ಪಟ್ಟಿ ಚೆನ್ನಾಗಿದೆ, ಜಾಗ ಕೆಟ್ಟಿದೆ. ಆ ಜಾಗಕ್ಕೆ ಹೋಗುವ ತಂತಿ ಹೊರಡುವುದು ಸಾಕೆಟ್ಟಿನ ಮೂಲೆಯಿಂದ. ಅವಳು ಗಂಡನ ಮುಖ ನೋಡಿದಳು.

"ನನ್ನ ಪಿನ್ನಾ?" ಎಂದ ಅವನು, ಸ್ವಲ್ಪ ಅವಮಾನವಾದವನಂತೆ. ಮತ್ತೆ ಮಸೂರ ಸಿಕ್ಕಿಸಿಕೊಂಡ. ಮೂರರಲ್ಲಿ ಒಂದು ಪಿನ್ನು ಪಕ್ಕದವುಗಳಿಗಿಂತ ಎಳೆಯಷ್ಟು ತಗ್ಗಾಗಿತ್ತು. ಅದನ್ನೆತ್ತಲು ಮೂರು ನಿಮಿಷವೂ ಬೇಕಾಗಲಿಲ್ಲ. ಈ ಸಲ ಎಂಟಕ್ಕೆ ಎಂಟು. ಅಕ್ಕ ಚಪ್ಪಾಳೆ ತಟ್ಟಿದ ಸದ್ದಿಗೆ ಪಕ್ಕದ ಅಂಗಡಿಯವನು ಏನಾಯಿತೆಂದು ಇಣುಕಿದ.

ಬೋರ್ಡು ದೊಡ್ಡದಾದ್ದರಿಂದ ಯಾವ ಕ್ಯಾಬಿನೆಟ್ಟಿನೊಳಗೂ ಹಿಡಿಯಲಿಲ್ಲ. ಡಿಪೋದಲ್ಲಿ ಟಿಕೆಟ್ ಬಂಡಲುಗಳಿಗೆಂದು ಇದ್ದ ಹಳೆಯ ಕಬ್ಬಿಣದ ಕಪಾಟಿಗೆ ಗಾಳಿಯಾಡಲು ತೂತು ಕೊರೆಸಿ, ಪ್ಲೈವುಡ್ ಹಲಗೆಯ ಮೇಲೆ ಬಿಗಿದು ಅದರೊಳಗಿಟ್ಟರು. ಒಂದು ಹಗಲು ಪೂರ ಮೆಮೊರಿಯನ್ನು ಪರೀಕ್ಷೆಗೆ ಹಚ್ಚಿದಳು. ಒಂದೂ ತಪ್ಪು ಬರಲಿಲ್ಲ. ಮೇನೇಜರ್ರು ಬಂದು ಕಪಾಟಿನ ಬಾಗಿಲು ತೆರೆದು ನೋಡಿ, "ಇದಾ ನಮ್ಮ ಟೈರು?" ಎಂದರು.

ಪ್ರೋಗ್ರಾಮು ಬೆಳಗ್ಗೆ ಒಂಬತ್ತೂಕಾಲಿಗೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯಿತು. ಹನ್ನೊಂದು ದಿನದ ಕೆಲಸ, ಊಟದ ಬೆಲ್ಲು ಹೊಡೆಯುವಷ್ಟರಲ್ಲಿ! ಅಕ್ಕ ಪಟ್ಟಿಯನ್ನು ಅಚ್ಚು ಹಾಕಿ ಕೈಯಲ್ಲಿ ಹಿಡಿದು ಓದಿದಳು. ಓದುತ್ತಾ ಓದುತ್ತಾ ನಗು ಬಂತು. ಮೊಣಕಾಲು ನೋವಿನ ಹಿರಿಯ ಡ್ರೈವರಿಗೆ ವಾರವೆಲ್ಲ ಕ್ಲಚ್ಚು ತುಳಿದು ತುಳಿದು ಸಾಯುವ ಸಂತೆಬೀದಿಯ ದಾರಿ ಬಿದ್ದಿತ್ತು. ಮಾತು ಬಿಟ್ಟು ಒಂದು ವರ್ಷವಾಗಿದ್ದ ಡ್ರೈವರು ಕಂಡಕ್ಟರನ್ನು ಒಂದೇ ಬಸ್ಸಿಗೆ ಹಾಕಿತ್ತು. ನಿಯಮದ ಪ್ರಕಾರ ಎಲ್ಲ ಸರಿ. ತಪ್ಪು ಅದರದಲ್ಲ, ಇದನ್ನೆಲ್ಲ ಅದಕ್ಕೆ ಯಾರೂ ಹೇಳಿರಲಿಲ್ಲ. ಅಕ್ಕನೂ ಹೇಳಿರಲಿಲ್ಲ, ತನಗೆ ಇದೆಲ್ಲ ಗೊತ್ತಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಬಿಲ್ಲೆ ಎತ್ತುವಾಗ ಕೈ ತಾನಾಗಿ ತಪ್ಪಿಸಿ ಹೋಗುತ್ತಿತ್ತು, ಅಷ್ಟೇ.

ಒಂದು ವಾರ ಕೂತು, ಕೈಗೆ ಗೊತ್ತಿದ್ದನ್ನೆಲ್ಲ ಬರೆದಳು. ಯಾರ ಮೊಣಕಾಲು, ಯಾರ ಎಳೆ ಮಗು, ಯಾರ ಅತ್ತೆಯ ಆಸ್ಪತ್ರೆಯ ದಿನ. ಇನ್ನೂ ಐದು ಸಲ ಯಂತ್ರ ಓಡಿತು. ಆರನೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿದಾಗ, ಹತ್ತೊಂಬತ್ತು ಜೋಡಿಯಲ್ಲಿ ಹದಿನೆಂಟಕ್ಕೆ ಒಂದೇ ದಿನ ರಜೆ ಬಂದಿತ್ತು.

ಸೊಸೆ ಡ್ರೈವರ್ ಪಟ್ಟಿಯ ಮುಂದೆ ಬೆರಳಿಟ್ಟು ಎರಡು ಸಾಲನ್ನೂ ಓದಿದಳು. ಆಮೇಲೆ ಮಹಡಿ ಹತ್ತಿ ಬಂದಳು. ಮೇಜಿನ ಮೇಲೆ ಊರಿದ್ದ ಅಕ್ಕನ ಕೈಯನ್ನು ಒಂದು ಸಲ ಒತ್ತಿ, ಬಸ್ಸಿನ ಹೊತ್ತಾಯಿತೆಂದು ಇಳಿದು ಓಡಿದಳು.

ಮರುದಿನ ಇನ್ನೊಂದು ಜೋಡಿಯ ಗಂಡ ಹೆಂಡತಿ ಒಟ್ಟಿಗೇ ಬಂದರು. ಇಬ್ಬರೂ ಐವತ್ತು ದಾಟಿದವರು.

"ಅಕ್ಕಾ, ನಮಗೂ ಒಂದೇ ದಿನ ರಜಾ ಹಾಕಿದ್ದೀರ" ಎಂದ ಗಂಡ.

"ಹೌದಪ್ಪಾ. ಖುಷಿ ತಾನೆ?"

ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಗಂಡನ ಮುಖ ನೋಡಿದಳು. "ಮೊದಲಿನ ಹಾಗೇ ಬೇರೆ ಬೇರೆ ದಿನ ಹಾಕಿಬಿಡಿ ಅಕ್ಕ" ಎಂದಳು ಹೆಂಡತಿ. "ಇಪ್ಪತ್ತು ವರ್ಷದಿಂದ ಮನೆ ತಣ್ಣಗಿದೆ. ಯಾಕೆ ಸುಮ್ಮನೆ?"

ಅಕ್ಕ ಅದನ್ನೂ ಒಂದು ನಿಯಮವಾಗಿ ಬರೆದುಕೊಂಡಳು.

ಮೂರು ತಿಂಗಳಿಗೊಮ್ಮೆ ಈಗ ಅವಳಿಗೆ ಎಂಟೊಂಬತ್ತು ದಿನ ಮಿಗುತ್ತದೆ. ಮೊದಲ ಸಲ ಮಿಕ್ಕಾಗ ಏನು ಮಾಡಬೇಕೆಂದು ತೋಚದೆ ಕಿಟಕಿಯಿಂದ ಬಸ್ಸುಗಳು ಹೊರಡುವುದನ್ನೇ ನೋಡುತ್ತಾ ಕೂತಿದ್ದಳು. ಡಿಪೋದ ದಾರಿಗಳು ಅರವತ್ತನಾಲ್ಕು. ಅಷ್ಟಕ್ಕೂ ಡ್ಯೂಟಿ ಹಾಕಿದವಳು ತಾನು. ಹತ್ತಿ ಹೋಗಿದ್ದು ಎಷ್ಟರಲ್ಲಿ ಎಂದು ಬೆರಳು ಮಡಚಿದರೆ ಎರಡು ಕೈಯೂ ತುಂಬಲಿಲ್ಲ. ಚೀಲ ತೆಗೆದುಕೊಂಡು ಕೆಳಗಿಳಿದಳು. ಎದುರಿಗೆ ಹೊರಡುತ್ತಿದ್ದ ನಲವತ್ತೊಂದನೇ ನಂಬರಿನ ಬಸ್ಸು ಹತ್ತಿದಳು.

"ಏನಕ್ಕಾ, ಚೆಕಿಂಗಾ?" ಎಂದು ಕಂಡಕ್ಟರು ಗಾಬರಿಯಾದ.

"ಇಲ್ಲಪ್ಪಾ, ಸುಮ್ಮನೆ. ಕೊನೇ ಸ್ಟಾಪಿಗೆ ಒಂದು ಟಿಕೆಟ್ ಕೊಡು."

ನಲವತ್ತೊಂದರ ಡ್ರೈವರುಗಳು ಆರು ವರ್ಷದಿಂದ ಒಂದೇ ದೂರು ಹೇಳುತ್ತಿದ್ದರು: ಸೇತುವೆಯಿಂದ ಕೊನೆಯ ಸ್ಟಾಪಿಗೆ ಆರು ನಿಮಿಷ ಸಾಲದು. ಅವಳ ನಕ್ಷೆಯಲ್ಲಿ ಅದು ಗೇಣುದ್ದದ ನೇರ ಗೆರೆ; ಸೋಮಾರಿಗಳು ಎಂದುಕೊಂಡಿದ್ದಳು. ಈಗ ಸೇತುವೆ ಇಳಿದ ಕೂಡಲೇ ಬಸ್ಸು ನಿಂತಿತು. ಹೂವಿನ ಸಸಿಗಳ ಕುಂಡಗಳನ್ನು ತಬ್ಬಿಕೊಂಡು ಏಳೆಂಟು ಮುದುಕಿಯರು ಕಾಯುತ್ತಿದ್ದರು. ಒಬ್ಬೊಬ್ಬರೇ ಕುಂಡವನ್ನು ಮೊದಲು ಹತ್ತಿಸಿ, ಆಮೇಲೆ ತಾವು ಹತ್ತಿದರು. ಡ್ರೈವರು ಹಿಂದೆ ತಿರುಗಿ, ಎಲ್ಲರೂ ಕೂತರೇ ಎಂದು ನೋಡಿ, ಕ್ಲಚ್ಚನ್ನು ಮೆಲ್ಲಗೆ ಬಿಟ್ಟ. ಒಬ್ಬ ಮುದುಕಿ ಅಕ್ಕನ ಪಕ್ಕ ಕೂತು, ಹಿಡ್ಕೋಮ್ಮಾ ಎಂದು ತನ್ನ ಕುಂಡವನ್ನು ಅವಳ ತೊಡೆಯ ಮೇಲಿಟ್ಟು ಸೊಂಟದಿಂದ ಚಿಲ್ಲರೆ ಹುಡುಕತೊಡಗಿದಳು.

ಅಕ್ಕ ಒಂದು ಕೈಯಲ್ಲಿ ಕುಂಡ ಹಿಡಿದು, ಇನ್ನೊಂದು ಕೈಯಿಂದ ಚೀಲದಲ್ಲಿದ್ದ, ದಾರಿಗಳ ಸಮಯ ಬರೆದಿಟ್ಟ ಪುಸ್ತಕ ತೆಗೆದು, ನಲವತ್ತೊಂದರ ಸಾಲಿನಲ್ಲಿ ಆರನ್ನು ಹೊಡೆದು ಒಂಬತ್ತು ಎಂದು ಬರೆದಳು. ಎಲೆಗಳು ಅವಳ ಗಲ್ಲಕ್ಕೆ ತಾಗುತ್ತಿದ್ದವು.